ಕೂತ ಮಾತ್ರಕ್ಕೆ ಕೂಡಿಬಂದಂತಲ್ಲ

ಬಿಡಿಭಾಗಗಳನ್ನು ಕೊಂಡು ತಾವೇ ಕಂಪ್ಯೂಟರ್ ಜೋಡಿಸುವವರು ಇದನ್ನು ಗಮನಿಸಬೇಕು. ಹಳೆಯ ಡಿಡಿಆರ್4 ಮತ್ತು ಹೊಸ ಡಿಡಿಆರ್5 ತಲೆಮಾರಿನ ರ‍್ಯಾಮ್ ಎರಡಕ್ಕೂ 288 ಪಿನ್. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಇಳಿಯುವುದೇ ಇಲ್ಲ. ಇಂಥ ತಪ್ಪು ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ. ಹೆಚ್ಚು ನಷ್ಟ ಮಾಡುವುದು ಸದ್ದಿಲ್ಲದ ತಪ್ಪು: ಎಲ್ಲ ಭಾಗಗಳೂ ಕೂರುತ್ತವೆ, ಕಂಪ್ಯೂಟರ್ ಆನ್ ಆಗುತ್ತದೆ, ಕೊಟ್ಟ ದುಡ್ಡಿನ ವೇಗ ಮಾತ್ರ ಬರುವುದಿಲ್ಲ.

ಹಗಲು ವಿಡಿಯೊ ಎಡಿಟಿಂಗ್ ಮತ್ತು ಬ್ಲೆಂಡರ್ ತಂತ್ರಾಂಶದಲ್ಲಿ 3ಡಿ ಕೆಲಸ, ರಾತ್ರಿ ಗೇಮ್. ಇದಕ್ಕೆಂದು 12 ಕೋರ್‌ಗಳ ರೈಜನ್ 9 9900ಎಕ್ಸ್ ಪ್ರೊಸೆಸರ್ ಮತ್ತು 16 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 5070 ಟಿಐ ಗ್ರಾಫಿಕ್ಸ್ ಕಾರ್ಡ್ ಆರಿಸಿದ್ದೀರಿ ಎನ್ನಿ. ಪ್ರೊಸೆಸರ್‌ಗೆ ಎಎಂ5 ಸಾಕೆಟ್ ಬೇಕು. ಬಿ650 ಮದರ್‌ಬೋರ್ಡ್‌ನಲ್ಲಿ ಅದಿದೆ. ಆದರೂ ಒಂದು ತೊಡಕುಂಟು. ಬಿ650 ಬೋರ್ಡ್‌ಗಳು ಬಂದದ್ದು 2022ರಲ್ಲಿ, 9000 ಸರಣಿಯ ಪ್ರೊಸೆಸರ್‌ಗಳು 2024ರಲ್ಲಿ. ಗೋದಾಮಿನಲ್ಲಿ ಕೂತ ಹಳೆಯ ಬೋರ್ಡ್‌ನ ಬಯೋಸ್‌ಗೆ (ಆನ್ ಆದೊಡನೆ ಓಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಹೊಸ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ; ಫ್ಯಾನ್ ತಿರುಗುತ್ತದೆ, ಪರದೆ ಬೆಳಗುವುದಿಲ್ಲ. ಹಿಂಬದಿಯಲ್ಲಿ ಬಯೋಸ್ ಫ್ಲಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್ ಕೊಂಡರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಂಪ್ಯೂಟರ್ ಮಾರುಕಟ್ಟೆಗೆ ಹೋಗಿ ಕೊಳ್ಳುವವರು ಅಪ್‌ಡೇಟ್ ಮಾಡಿಕೊಡಿ ಎಂದು ಅಂಗಡಿಯಲ್ಲೇ ಕೇಳುವುದು ಒಳ್ಳೆಯದು.

ರ‍್ಯಾಮ್ ವಿಷಯದಲ್ಲಿ ಎಡವುವವರು ಬಹಳ. 64 ಜಿಬಿ ಬೇಕೆಂದರೆ 32ರ ಎರಡು ಕಡ್ಡಿ ತೆಗೆದುಕೊಳ್ಳಿ, 16ರ ನಾಲ್ಕು ಬೇಡ. ಈ ಪ್ರೊಸೆಸರ್‌ಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಕಡ್ಡಿಗೆ ಸೆಕೆಂಡಿಗೆ 5600 ಮೆಗಾಟ್ರಾನ್ಸ್‌ಫರ್ (ಒಂದು ಮೆಗಾ ಎಂದರೆ ಹತ್ತು ಲಕ್ಷ ಸಲದ ವರ್ಗಾವಣೆ); ನಾಲ್ಕಾದರೆ 3600ಕ್ಕೆ ಇಳಿಯುತ್ತದೆ. ಪ್ರೊಸೆಸರ್‌ನಿಂದ ಮೆಮೊರಿಗೆ ಇರುವುದು ಎರಡೇ ಚಾನೆಲ್, ಅಂದರೆ ಎರಡೇ ತಂತಿಸಾಲು. ಒಂದೇ ತಂತಿಸಾಲಿಗೆ ಎರಡು ಕಡ್ಡಿ ನೇತುಬಿದ್ದರೆ ಸಂಕೇತ ಅಲ್ಲಲ್ಲಿ ಪ್ರತಿಫಲಿಸಿ ಕಲಸಿಹೋಗುತ್ತದೆ. ವೇಗ ತಗ್ಗಿಸಿದರಷ್ಟೇ ಸ್ಪಷ್ಟವಾಗುತ್ತದೆ. ಈಗ 16ರ ಎರಡು, ಮುಂದೆ ಇನ್ನೆರಡು ಎಂಬ ಲೆಕ್ಕಾಚಾರ ಡಿಡಿಆರ್4 ಕಾಲಕ್ಕೆ ಸರಿಯಿತ್ತು, ಈಗಿನದಕ್ಕಲ್ಲ. ಎರಡು ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಮೊದಲೆರಡರಲ್ಲಿ ಅಕ್ಕಪಕ್ಕ ಹಾಕಿದರೆ ಒಂದು ಚಾನೆಲ್ ಖಾಲಿ ಉಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್‌ಗೆ ಮೊದಲ ಉದ್ದ ಸ್ಲಾಟ್. ಕೆಳಗಿನದೂ ನೋಡಲು ಅಷ್ಟೇ ಉದ್ದವಿದ್ದರೂ ಸಾಮಾನ್ಯವಾಗಿ ಒಳಗೆ ದತ್ತಾಂಶ ಸಾಗುವ ಲೇನ್ ನಾಲ್ಕೇ ಇರುತ್ತವೆ. ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಅಥವಾ ಮೂರನೆಯ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದೊಡನೆ ಕೇಬಲ್ ಮೂಲಕ ಡ್ರೈವ್ ಜೋಡಿಸುವ ಒಂದೆರಡು ಸಾಟಾ ಪೋರ್ಟ್ ಸುಮ್ಮನಾಗುತ್ತವೆ. ಇದು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೊಳ್ಳುವ ಮೊದಲೇ ಪಿಡಿಎಫ್ ಇಳಿಸಿ ಆ ಪುಟ ಓದಿ.

ಇನ್ನು ಕರೆಂಟಿನ ಲೆಕ್ಕ. ಪ್ರೊಸೆಸರ್ ಹೆಚ್ಚೆಂದರೆ 162 ವ್ಯಾಟ್, ಕಾರ್ಡ್ 300, ಉಳಿದದ್ದಕ್ಕೆ 80 ಹಿಡಿದರೆ 542. ಕಾರ್ಡ್ ಕ್ಷಣಾರ್ಧ ತನ್ನ 300ನ್ನೂ ಮೀರಿ ಎಳೆಯುತ್ತದೆ, ಹಾಗಾಗಿ 750 ವ್ಯಾಟಿನ, ಎಟಿಎಕ್ಸ್ 3.1 ಎಂಬ ಮಾನದಂಡದ ಹೆಸರು ಬರೆದಿರುವ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸರಿ. ಕಾರ್ಡ್‌ನ 16 ಪಿನ್ ಕನೆಕ್ಟರ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. 300 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ 25 ಆಂಪಿಯರ್, ಆರು ಪಿನ್‌ಗಳಿಗೆ ಹಂಚಿದರೆ ತಲಾ ನಾಲ್ಕಕ್ಕೂ ಹೆಚ್ಚು. ಕನೆಕ್ಟರ್ ಒಂದೆರಡು ಮಿ.ಮೀ. ಹೊರಗುಳಿದರೂ ಹೊರೆಯೆಲ್ಲ ಚೆನ್ನಾಗಿ ತಾಗಿರುವ ಕೆಲವೇ ಪಿನ್‌ಗಳ ಮೇಲೆ ಬಿದ್ದು ಪ್ಲಾಸ್ಟಿಕ್ ಕರಗಬಹುದು. 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ 2022ರ ಕೊನೆಯಲ್ಲಿ ಹೀಗೇ ಆಯಿತು. ಪೂರ್ತಿ ಒತ್ತಿ, ಕೇಬಲ್ 35 ಮಿ.ಮೀ. ನೇರ ಸಾಗಿದ ಮೇಲೆಯೇ ಬಾಗಿಸಿ. ಬೇರೆ ಎಸ್‌ಎಂಪಿಎಸ್‌ನ ಬಿಡಿ ಕೇಬಲ್ ಎಂದೂ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆಗೆ ಸಮಾನ ನಿಯಮವಿಲ್ಲ. ಸರಿಯಾಗಿ ಕೂತ ಕೇಬಲ್ಲೇ 5 ವೋಲ್ಟ್ ಜಾಗಕ್ಕೆ 12 ಕಳಿಸಿ ಡ್ರೈವ್ ಸುಡುತ್ತದೆ.

ನಮ್ಮ ಊರುಗಳಲ್ಲಿ ಯುಪಿಎಸ್ ಕೂಡ ಈ ಲೆಕ್ಕಕ್ಕೆ ಸೇರಬೇಕು. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಯಂತ್ರವೂ ಆರುತ್ತದೆ. ಇದಕ್ಕೆ 900 ವ್ಯಾಟ್ ಕೊಡುವಂಥದ್ದು ಬೇಕು, ಪ್ಯೂರ್ ಸೈನ್‌ವೇವ್ ಆದರೆ ಇನ್ನೂ ಉತ್ತಮ.

ಕ್ಯಾಬಿನೆಟ್‌ಗೆ ಟೇಪು ಹಿಡಿದರೆ ಸಾಕು. 360 ಮಿ.ಮೀ. ಉದ್ದದ ಕಾರ್ಡ್ ಹಿಡಿಸುತ್ತದೆ ಎಂದಿದ್ದರೂ ಮುಂಭಾಗಕ್ಕೆ ಪ್ರೊಸೆಸರ್ ತಂಪಾಗಿಸುವ 27 ಮಿ.ಮೀ. ದಪ್ಪದ ರೇಡಿಯೇಟರ್, 25ರ ಫ್ಯಾನ್ ಹಾಕಿದರೆ ಉಳಿಯುವುದು 308. ಮೂರು ಫ್ಯಾನಿನ ಹಲವು ಕಾರ್ಡ್‌ಗಳು ಇದನ್ನು ಮೀರುತ್ತವೆ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿ. ಬೋರ್ಡ್‌ಗೆ ಹಾಕಿದರೂ ಚಿತ್ರ ಬರುತ್ತದೆ, ಆದರೆ ಅದು ಪ್ರೊಸೆಸರ್‌ನೊಳಗಿನ ಪುಟ್ಟ ಗ್ರಾಫಿಕ್ಸ್‌ನದು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಆಗ ಬೋರ್ಡ್ ರ‍್ಯಾಮ್‌ಗೆ ಹೊಂದುವ ಸಮಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿರುತ್ತದೆ; ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಬಯೋಸ್ ತೆರೆದ ಮೇಲೆ ಮೆಮೊರಿಗೆ ಅದರ ಪೂರ್ಣ ವೇಗ ಕೊಡುವ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ ಅಧಿಕೃತ 5600ನ್ನೂ ಮೀರಿದ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರಬಹುದು. ವಿಂಡೋಸ್‌ಗೆ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ 6000 ಎಂದು ಬರೆದಿದೆಯೇ ನೋಡಿ.