ಕಳ್ಳ ಒಳಗಿರುವಾಗ ಬಾಗಿಲು ಹಾಕಬಾರದು

ಚೀನೀ ಹೊಸ ವರ್ಷ ಕಳೆದ ವಾರಗಳಲ್ಲಿ ಸಿಂಗಪುರದ ನನ್ನ ಚಿಕಿತ್ಸಾಲಯಕ್ಕೆ ಉಡುಗೊರೆಯಾಗಿ ಬಂದ, ಜಿನ್‌ಸೆಂಗ್ ಎಂಬ ಬಲವರ್ಧಕ ಬೇರಿನ ಡಬ್ಬಿ ಹಿಡಿದು ಬರುವವರು ಹೆಚ್ಚು. ಒಮ್ಮೆ ಹಾಸನದ ಕಡೆಯ ತಾಯಿಯೊಬ್ಬರು ಬಂದರು, ಮಗನ ಮನೆಗೆಂದು ಬಂದಿದ್ದವರು. ನೆಗಡಿ, ಮೈಕೈ ನೋವು. ಸುಸ್ತಿಗೆ ಒಳ್ಳೆಯದೆಂದು ಪಕ್ಕದ ಮನೆಯವರು ಕೊಟ್ಟ ಕೆಂಪು ಜಿನ್‌ಸೆಂಗ್ ಕಷಾಯವನ್ನು ನಾಲ್ಕು ದಿನ ಕುಡಿದಿದ್ದರು. “ಶಕ್ತಿ ಬರುತ್ತೆ ಅಂದ್ರು ಡಾಕ್ಟ್ರೇ, ಇದ್ದ ನಿದ್ದೆನೂ ಹೋಯ್ತು. ಎದೆ ಕಟ್ಟಿದ ಹಾಗಿದೆ, ಊಟ ಸೇರಲ್ಲ” ಎಂದರು. ನಾಲಿಗೆ ನೋಡಿದೆ. ಮೇಲೆ ದಪ್ಪನೆಯ ಬಿಳಿ ಪದರ.

ಚೀನೀ ವೈದ್ಯರಲ್ಲಿ ಇದಕ್ಕೊಂದು ಹಳೆಯ ಮಾತಿದೆ: ಬಾಗಿಲು ಹಾಕಿ ಕಳ್ಳನನ್ನು ಒಳಗೇ ಉಳಿಸಿಕೊಳ್ಳುವುದು. ಹೊರಗಿನಿಂದ ಬಂದ ನೆಗಡಿ, ಜ್ವರ ಇನ್ನೂ ಮೈಯಲ್ಲಿರುವಾಗ ಬಲ ತುಂಬುವ ಮೂಲಿಕೆ ಕೊಟ್ಟರೆ ರೋಗವೂ ಒಳಗೇ ಬೇರೂರುತ್ತದೆ ಎಂಬುದು ಅವರ ಎಣಿಕೆ. ತೀರಾ ಬಳಲಿದವರಿಗೆ ನೆಗಡಿಯಲ್ಲೂ ಜಿನ್‌ಸೆಂಗ್ ಕೊಡುವುದುಂಟು. ಆದರೆ ಸ್ವಲ್ಪವೇ, ಬೆವರಿಳಿಸುವ ಮೂಲಿಕೆಗಳ ಜೊತೆಗೆ.

ಪೋಷಕ ಮೂಲಿಕೆಗಳನ್ನು ಚೀನೀ ವೈದ್ಯದಲ್ಲಿ ನಾಲ್ಕಾಗಿ ವಿಂಗಡಿಸುತ್ತಾರೆ: ಚೀ ಎಂಬ ಪ್ರಾಣಶಕ್ತಿಗೆ, ರಕ್ತಕ್ಕೆ, ತಂಪು ಮತ್ತು ತೇವದ ಯಿನ್‌ಗೆ, ಬಿಸಿ ಮತ್ತು ಚಲನೆಯ ಯಾಂಗ್‌ಗೆ. ಜಿನ್‌ಸೆಂಗ್, ಹುವಾಂಗ್‌ಚಿ ಮೊದಲನೆಯ ಗುಂಪಿನವು, ಡಾಂಗ್‌ಗುಯ್ ರಕ್ತದ್ದು. ಯಾವುದು ಕಡಿಮೆಯಾಗಿದೆ ಎಂದು ತಿಳಿಯದೆ ಕೊಟ್ಟ ಟಾನಿಕ್ಕನ್ನು ನಾನು ಔಷಧವೆಂದು ಒಪ್ಪುವುದಿಲ್ಲ.

ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಲ್ಯೂವೈ ದಿಹುವಾಂಗ್ ಎಂಬ ಗುಳಿಗೆ. ಚೀನಾದ ಉತ್ತರ ಸಾಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯಾನ್ ಯೀ ಕೊಟ್ಟದ್ದು. ಅವನ ಚಿಕಿತ್ಸೆಯನ್ನು ದಾಖಲಿಸಿದ ಗ್ರಂಥ 1119ರದು. ಹಳೆಯ ಎಂಟು ಮೂಲಿಕೆಯ ಔಷಧ ಮಿಶ್ರಣದಿಂದ ಬಿಸಿಯ ದಾಲ್ಚಿನ್ನಿ ಜಾತಿಯ ಮೂಲಿಕೆಯನ್ನೂ ವತ್ಸನಾಭಿಯ ಬಳಗದ ಬೇರನ್ನೂ ತೆಗೆದು ಆರನ್ನು ಉಳಿಸಿಕೊಂಡ. ಬೇಯಿಸಿ ಕಪ್ಪಾಗಿಸಿದ ಶುದಿಹುವಾಂಗ್ ಬೇರು 8 ಪಾಲು, ಷಾನ್‌ಯಾವೊ ಗೆಣಸು 4, ಷಾನ್‌ಜುಯೂ ಎಂಬ ಹುಳಿ ಹಣ್ಣು 4. ಇವು ಮೂರು ಬಲ ತುಂಬುತ್ತವೆ. ಉಳಿದ ಮೂರು ತಲಾ 3 ಪಾಲು: ನೀರುಗಿಡವೊಂದರ ಗೆಡ್ಡೆ, ಪೈನ್ ಮರದ ಬೇರಿನಲ್ಲಿ ಬೆಳೆಯುವ ಅಣಬೆ ಫುಲಿಂಗ್, ಪಿಯೊನಿ ಎಂಬ ಹೂಗಿಡದ ಬೇರಿನ ತೊಗಟೆ. ಇವು ಹೆಚ್ಚಾದ ನೀರನ್ನೂ ಕಾವನ್ನೂ ಹೊರಗೆ ಹಾಕುತ್ತವೆ. ಮಗುವಿನ ಔಷಧದಲ್ಲೂ ತುಂಬುವುದಕ್ಕೆ ಎದುರಾಗಿ ಹರಿಸುವುದನ್ನು ಅಳೆದು ಇಟ್ಟಿದ್ದಾನೆ. ಎಷ್ಟು ಸಲ ಬರೆದುಕೊಟ್ಟರೂ ಈ ಅಳತೆ ಕಂಡಾಗ ನನಗೆ ಗೌರವ ಹುಟ್ಟುತ್ತದೆ.

ಶುದಿಹುವಾಂಗ್ ನಮ್ಮ ಲೇಹ್ಯದಂತೆ ಜಿಗುಟು, ಸಿಹಿ. ಜೀರ್ಣಶಕ್ತಿ ಕುಂದಿದವರಲ್ಲಿ ಹೊಟ್ಟೆ ಭಾರವಾಗುತ್ತದೆ, ಭೇದಿಯೂ ಆಗಬಹುದು. ಅದಕ್ಕೇ ಏಲಕ್ಕಿಯ ಬಳಗದ ಷಾರೆನ್ ಸೇರಿಸುತ್ತಾರೆ, ಇಲ್ಲವೇ ಒಣಗಿಸಿದ ಕಿತ್ತಳೆ ಸಿಪ್ಪೆ. ಬಲಹೀನರೇ ಬಲದ ಔಷಧವನ್ನು ತಾಳಿಕೊಳ್ಳಲಾರರು. ಅವರಿಗೆ ಮೊದಲು ಹೊಟ್ಟೆ ಸರಿಯಾಗಬೇಕು.

ಆ ತಾಯಿಗೆ ಜಿನ್‌ಸೆಂಗ್ ನಿಲ್ಲಿಸಿ ತೆಳು ಗಂಜಿ ಕುಡಿಯಲು ಹೇಳಿದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮಾರನೆಯ ದಿನ ತರುವಂತೆ ಮಗನಿಗೂ ಹೇಳಿದೆ. ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಇತ್ತು. ಹೃದಯದ ಕವಾಟ ಬದಲಾಯಿಸಿದ್ದರಂತೆ. ಮೊದಲ ದಿನವೇ ನಾನು ಬಾಯಿಬಿಟ್ಟು ಕೇಳಬೇಕಿತ್ತು. ಜಿನ್‌ಸೆಂಗ್ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಡಾಂಗ್‌ಗುಯ್ ಆದರೆ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಅಂದೇ ರಕ್ತ ಪರೀಕ್ಷೆಗೆ ಹೃದ್ರೋಗ ವೈದ್ಯರ ಹತ್ತಿರ ಕಳಿಸಿದೆ.

ಹತ್ತು ದಿನ ಬಿಟ್ಟು ಬಂದಾಗ ನಾಲಿಗೆಯ ಪದರ ತೆಳುವಾಗಿತ್ತು, ಹಸಿವು ಮರಳಿತ್ತು, ಸುಸ್ತು ಮಾತ್ರ ಹಾಗೇ ಇತ್ತು. “ಈಗಾದರೂ ಬೇರು ಕೊಡ್ತೀರಾ?” ಎಂದರು. ಕೊಡಲಿಲ್ಲ. ಷಾನ್‌ಯಾವೊ ಹೆಚ್ಚಿ ಹಾಕಿದ ಅಕ್ಕಿ ಗಂಜಿಯನ್ನು ದಿನಕ್ಕೊಮ್ಮೆ ಮಾಡಿಕೊಳ್ಳಲು ಸೊಸೆಗೆ ಹೇಳಿಕೊಟ್ಟೆ.