ಬಿಟ್ಟದ್ದು 6 ಕಂತು, ಸೇರಿದ್ದು 26

2020ರ ಏಪ್ರಿಲ್‌ನಲ್ಲಿ ಕೊರೊನಾ ಲಾಕ್‌ಡೌನ್ ನಡುವೆ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. ‘ಸರ್, ಮೂರು ತಿಂಗಳು ಇಎಂಐ ಕಟ್ಟೋದು ಬೇಡವಂತೆ, ಹೌದಾ?’ ನಾನು ಸಣ್ಣ ಊರಿನ ಆಡಿಟರ್. ಅಂಗಡಿ, ವರ್ಕ್‌ಶಾಪ್, ಹೋಟೆಲ್ ಇಟ್ಟುಕೊಂಡವರ ಲೆಕ್ಕ ಬರೆಯುತ್ತೇನೆ. ‘ಬೇಡ ಅಂದಿಲ್ಲ, ಈಗ ಬೇಡ ಅಂದಿದ್ದಾರೆ’ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು.

ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಮೊರಟೋರಿಯಂ, ಅಂದರೆ ಸಾಲದ ಕಂತು ಮುಂದೂಡುವ ಅವಕಾಶ, ಘೋಷಿಸಿತು. ಮೊದಲು ಮೇ 31ರವರೆಗೆ, ಆಮೇಲೆ ಆಗಸ್ಟ್ 31ರವರೆಗೆ. ಕಂತು ಕಟ್ಟದಿದ್ದರೂ ಖಾತೆ ಸುಸ್ತಿ ಸಾಲ, ಅಂದರೆ ಎನ್‌ಪಿಎ ಆಗುವುದಿಲ್ಲ. ಆದರೆ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಒಂದು ಲೆಕ್ಕ ನೋಡಿ. ಆಗಷ್ಟೇ ತೆಗೆದ 30 ಲಕ್ಷದ ಮನೆಸಾಲ, ಶೇ 8 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 25,093 ರೂಪಾಯಿ. ಆರು ತಿಂಗಳು ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆದು ಅಸಲಿಗೆ 1.22 ಲಕ್ಷ ಸೇರುತ್ತದೆ. ಕಂತಿನ ಮೊತ್ತ ಅಷ್ಟೇ ಇಟ್ಟರೆ, 240 ಕಂತಿನಲ್ಲಿ ಮುಗಿಯಬೇಕಿದ್ದ ಸಾಲ ಸುಮಾರು 266 ಕಂತಿಗೆ ಹೋಗುತ್ತದೆ. ಅದೇ ಸಾಲ ಇನ್ನೆರಡು ವರ್ಷದಲ್ಲಿ ತೀರುವಂತಿದ್ದರೆ ಹೆಚ್ಚಾಗುವುದು ಸುಮಾರು ಒಂದೇ ಕಂತು. ಸಾಲ ಹೊಸದಾದಷ್ಟೂ ಪೆಟ್ಟು ಜಾಸ್ತಿ. ಸಂಬಳ ನಿಲ್ಲದವರಿಗೆ ‘ಸುಮ್ನೆ ತಗೋಬೇಡಿ’ ಅಂದೆ. ವ್ಯಾಪಾರವೇ ನಿಂತವರಿಗೆ ಏನು ಹೇಳಲಿ? ಅವರಿಗೆ ಬೇರೆ ದಾರಿ ಇರಲಿಲ್ಲ.

ಬಡ್ಡಿಯ ಮೇಲಿನ ಬಡ್ಡಿ ಸುಪ್ರೀಂ ಕೋರ್ಟಿಗೆ ಹೋಯಿತು. 2 ಕೋಟಿವರೆಗಿನ ಸಾಲಗಳಿಗೆ ಚಕ್ರಬಡ್ಡಿಯ ವ್ಯತ್ಯಾಸವನ್ನು ತಾನೇ ಭರಿಸಲು ಕೇಂದ್ರ ಸರ್ಕಾರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ಕೋರ್ಟು ಅದನ್ನು ಎಲ್ಲ ಸಾಲಗಾರರಿಗೂ ಅನ್ವಯಿಸಿತು. ನನ್ನ ಲೆಕ್ಕದ ಮನೆಸಾಲಕ್ಕೆ ಹೀಗೆ ಸಿಗುವುದು ಸುಮಾರು 2,000 ರೂಪಾಯಿ. ಮಾಮೂಲಿ ಬಡ್ಡಿ 1.2 ಲಕ್ಷ ಹಾಗೇ ಉಳಿಯಿತು.

2020ರ ಮೇ ತಿಂಗಳಲ್ಲಿ ಕೇಂದ್ರ ಘೋಷಿಸಿದ 20 ಲಕ್ಷ ಕೋಟಿಯ ಪ್ಯಾಕೇಜಿನಲ್ಲೂ ದೊಡ್ಡ ಪಾಲು ಸಾಲ ಮತ್ತು ಸಾಲದ ಗ್ಯಾರಂಟಿಯೇ. ಸಣ್ಣ ಉದ್ಯಮಗಳಿಗೆ ಬಂದದ್ದು 3 ಲಕ್ಷ ಕೋಟಿಯ ತುರ್ತು ಸಾಲ ಯೋಜನೆ. ಅಡಮಾನ ಬೇಡ, ಪೂರ್ತಿ ಗ್ಯಾರಂಟಿ ಸರ್ಕಾರದ್ದು, ಬ್ಯಾಂಕಿನ ಬಡ್ಡಿ ಶೇ 9.25 ದಾಟುವಂತಿಲ್ಲ. ಇದರಿಂದ ಬಾಗಿಲು ಮುಚ್ಚದೆ ಉಳಿದ ಘಟಕಗಳನ್ನು ನಾನೇ ಕಂಡಿದ್ದೇನೆ. ಆ ದಿನಗಳಲ್ಲಿ ಬೇರೆ ಯಾವ ಭರವಸೆಯ ಮೇಲೂ ಬ್ಯಾಂಕುಗಳು ಅವರಿಗೆ ಹಣ ಕೊಡುತ್ತಿರಲಿಲ್ಲ.

ಆದರೆ ನಿಯಮ ಏನಿತ್ತು? 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟು. ಹತ್ತು ಲಕ್ಷ ಸಾಲ ಇದ್ದವರಿಗೆ ಎರಡು ಲಕ್ಷ. ಸಾಲವೇ ಇಲ್ಲದವರಿಗೆ ಶೂನ್ಯ.

ನನ್ನ ಕಕ್ಷಿದಾರರೊಬ್ಬರು ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವವರು. ಸಾಲ ಎಂದರೆ ಆಗದು. ಗಳಿಸಿದ್ದರಲ್ಲೇ ಕುರ್ಚಿ, ಪಾತ್ರೆ ಕೊಳ್ಳುತ್ತಾ ಇಪ್ಪತ್ತು ವರ್ಷ ನಡೆಸಿದವರು. ಮದುವೆಗೆ 50 ಜನ ಎಂಬ ಮಿತಿ ಬಂದ ಮೇಲೆ ಅವರಿಗೆ ಸೀಸನ್ನೇ ಇಲ್ಲ. ಮೊರಟೋರಿಯಂ? ಸಾಲವೇ ಇಲ್ಲ. ತುರ್ತು ಸಾಲ? ಹಳೆ ಸಾಲ ಇಲ್ಲ. ಕರ್ನಾಟಕ ಸರ್ಕಾರ ಆ ಮೇ 6ರಂದು 1,610 ಕೋಟಿಯ ಪರಿಹಾರ ಘೋಷಿಸಿ ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಕೊಟ್ಟಿತು. ಮೊತ್ತ ಚಿಕ್ಕದಾದರೂ ಅದು ತಿರುಗಿ ಕಟ್ಟಬೇಕಾದ ಹಣವಲ್ಲ, ಅದಕ್ಕೇ ನನಗೆ ಅದು ಸರಿ ಎನಿಸಿತ್ತು. ಆ ಪಟ್ಟಿಯಲ್ಲೂ ಇವರಿಲ್ಲ.

ಬ್ರಿಟನ್‌ನಲ್ಲಿ ಕೆಲಸ ನಿಂತು ಮನೆಯಲ್ಲಿ ಕೂತವರ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಸರ್ಕಾರವೇ ಕೊಟ್ಟಿತು. ನಮ್ಮ ಖಜಾನೆಗೆ ಅಷ್ಟು ಶಕ್ತಿ ಇರಲಿಲ್ಲ, ಒಪ್ಪುತ್ತೇನೆ. ಗ್ಯಾರಂಟಿಗೆ ಸರ್ಕಾರ ಕೈಯಿಂದ ಹಣ ಹಾಕಬೇಕಾದದ್ದು ಸಾಲ ಮುಳುಗಿದಾಗ ಮಾತ್ರ, ಅದೂ ಗೊತ್ತು. ಆದರೆ ಜಿಎಸ್‌ಟಿ ರಿಟರ್ನ್‌ಗಳು ಸರ್ಕಾರದ ಕೈಯಲ್ಲೇ ಇದ್ದವು, ಅಲ್ವಾ? ಯಾರ ವಹಿವಾಟು ಎಷ್ಟು ಕುಸಿದಿದೆ ಎಂದು ಅವುಗಳಲ್ಲೇ ಕಾಣುತ್ತಿತ್ತು. ನೋಂದಣಿ ಇದ್ದ ಸಣ್ಣವರಿಗೆ ಆ ಕುಸಿತ ನೋಡಿ ಒಂದಿಷ್ಟು ಹಣ ನೇರವಾಗಿ ಹಾಕಬಹುದಿತ್ತು. ಹಳೆ ಸಾಲವನ್ನು ಅಳತೆಗೋಲು ಮಾಡಿದ್ದರಿಂದ ಸಾಲ ಮಾಡದೆ ಬದುಕಿದವರೇ ಹೊರಗುಳಿದರು.

ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಸಾಲದ ಮಿತಿಯನ್ನು ಒಡವೆ ಬೆಲೆಯ ಶೇ 75ರಿಂದ ಶೇ 90ಕ್ಕೆ ಏರಿಸಿತು. ಶಾಮಿಯಾನದವರಿಗೆ ಸಿಕ್ಕ ಅನುಕೂಲ ಅದೊಂದೇ. ಹೆಂಡತಿಯ ಬಳೆ ಅಡವಿಟ್ಟರು. ಅವರ ಲೆಕ್ಕದಲ್ಲಿ ‘ಸಾಲ’ ಎಂಬ ಸಾಲಿನ ಎದುರು ನಾನು ಮೊದಲ ಸಲ ಮೊತ್ತ ಬರೆದದ್ದು ಆ ವರ್ಷ.