ಕೆಜಿಎಫ್‌ಗೆ ಹೋದರೆ ಗಣಿಯೊಳಗೆ ಇಳಿಯಬಹುದಾ?

ಓದುಗರ ಪ್ರಶ್ನೆ: ಸಿನಿಮಾ ನೋಡಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಜಿಎಫ್ ನೋಡುವ ಆಸೆ ಬಂದಿದೆ. ಚಿನ್ನದ ಗಣಿಯೊಳಗೆ ಬಿಡುತ್ತಾರಾ? ಬಿಡದಿದ್ದರೆ ಒಂದು ದಿನ ಕಳೆಯುವಷ್ಟು ಅಲ್ಲಿ ಏನಾದರೂ ಇದೆಯಾ?

ಉತ್ತರ: ಗಣಿಯೊಳಗೆ ಬಿಡುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಯಾರಾದರೂ "ಒಳಗೆ ಕರೆದುಕೊಂಡು ಹೋಗ್ತೀನಿ, ಇಷ್ಟು ಕೊಡಿ" ಅಂದರೆ ಖಂಡಿತ ಹೋಗಬೇಡಿ. ಹಳೇ ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಆಳದ ಬಾವಿಗಳ ಬಾಯಿ, ಕುಸಿದ ನೆಲ ಎಲ್ಲವೂ ಅಪಾಯದ ಜಾಗಗಳೇ.

ಆದರೆ ಒಂದು ದಿನ ಕಳೆಯುವಷ್ಟು ಇದೆಯಾ ಅಂದರೆ, ಇದೆ. ನಿಜ ಹೇಳಬೇಕೆಂದರೆ ಒಂದು ದಿನ ಸಾಲದು. ಹೆಚ್ಚಿನವರು ಕಾರಿನಲ್ಲಿ ಹೋಗಿ, ಸಿನಿಮಾದಲ್ಲಿ ಕಂಡ ಮಣ್ಣಿನ ದಿಬ್ಬದ ಮುಂದೆ ನಾಲ್ಕು ಫೋಟೋ ತೆಗೆದು, "ಏನೂ ಇಲ್ಲಪ್ಪ ಅಲ್ಲಿ" ಅಂತ ವಾಪಸ್ ಬರುತ್ತಾರೆ. ನನಗೆ ಅದು ಬೇಜಾರಿನ ವಿಷಯ. ಕೆಜಿಎಫ್‌ನಲ್ಲಿ ನೋಡಬೇಕಾದ್ದು ಗಣಿಗಿಂತ ಜಾಸ್ತಿ, ಗಣಿ ಕಟ್ಟಿದ ಊರು.

ರೈಲಿನಲ್ಲಿ ಹೋಗಿ. ಬೆಂಗಳೂರಿನಿಂದ ಊರು ಸುಮಾರು 100 ಕಿಲೋಮೀಟರ್. ಬಂಗಾರಪೇಟೆಯಿಂದ ಒಂದು ಕವಲು ಹಳಿ ಕೆಜಿಎಫ್ ಕಡೆ ತಿರುಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಗಣಿಗಾಗಿಯೇ 1890ರ ದಶಕದಲ್ಲಿ ಹಾಕಿದ ಹಳಿ ಇದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಸ್ಟೇಷನ್ನುಗಳ ಹೆಸರು ಓದುತ್ತಾ ಹೋದರೆ ಹಳೇ ಗಣಿಗಳ ಪಟ್ಟಿ ಓದಿದ ಹಾಗೆಯೇ ಆಗುತ್ತದೆ. ಊರಿಗಾಂನ ಹಳೇ ಸ್ಟೇಷನ್ ಕಟ್ಟಡ ನೋಡುವುದಕ್ಕಾದರೂ ಒಮ್ಮೆ ಇಳಿಯಿರಿ.

ಅಲ್ಲಿಂದ ಆಟೋ ಹಿಡಿಯಿರಿ, ಇಲ್ಲವೇ ನಡೆಯಿರಿ. ರಸ್ತೆಯಿಂದಲೇ ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರಗಳು ಕಾಣುತ್ತವೆ. ಆ ಗೋಪುರದ ಗಾಲಿಗಳ ಮೇಲೆ ಹಗ್ಗ ಸುತ್ತಿ, ಕೆಳಗೆ ತೂಗುವ ತೊಟ್ಟಿಲಿನಲ್ಲಿ ಜನರನ್ನು ಇಳಿಸುತ್ತಿದ್ದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ ಹೋಗಿತ್ತು. ನಂದಿ ಬೆಟ್ಟವನ್ನು ತಲೆಕೆಳಗು ಮಾಡಿ ಆ ಗುಂಡಿಗೆ ಹಾಕಿದರೂ ಅರ್ಧದಷ್ಟೂ ತುಂಬದು. ಅಷ್ಟು ಕೆಳಗೆ ಬಂಡೆಯೇ ಬಿಸಿ ಇರುತ್ತದೆ. ಮೇಲಿನ ಭಾರಕ್ಕೆ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹಾಗೆ ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಹಾಳಾದವರು ಊರಿನಲ್ಲಿ ಎಷ್ಟೋ ಮಂದಿ. ಗೋಪುರದ ಮುಂದೆ ನಿಂತಾಗ ಮಕ್ಕಳಿಗೆ ಇದನ್ನೂ ಹೇಳಿ.

ಈ ಗಣಿಯ ಕತೆ ಶುರುವಾಗುವುದು ಮೈಕೆಲ್ ಲ್ಯಾವೆಲ್ಲೆ ಎಂಬ ಐರಿಷ್ ಸೈನಿಕನಿಂದ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದಿದ್ದ ಆತ 1870ರ ದಶಕದಲ್ಲಿ ಮೈಸೂರು ಸಂಸ್ಥಾನದಿಂದ ಇಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಅವನದೇ ಹೆಸರು. ಆದರೆ ಗಣಿ ಕೈಹಿಡಿದಿದ್ದು 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ. ಅಲ್ಲಿಂದ ಮುಂದೆ 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆದರು. ಕೊನೆಕೊನೆಗೆ ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುತ್ತಿದ್ದದ್ದು 3 ಗ್ರಾಂ ಆಸುಪಾಸು. ಖರ್ಚು ಹುಟ್ಟಲಿಲ್ಲ, ಮುಚ್ಚಿದರು.

ಈಗ ಕರೆಂಟಿನ ವಿಷಯ. ಗಣಿಯ ಯಂತ್ರಗಳಿಗೆ ಅಗ್ಗದ ಶಕ್ತಿ ಬೇಕಿತ್ತು. ಅದಕ್ಕಾಗಿ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕೊಟ್ಟಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ರಾಜಧಾನಿಗೂ ಮೊದಲು ಗಣಿಗೆ ಕರೆಂಟು ಬಂತು ನೋಡಿ.

ಊರಿನೊಳಗೆ ಎರಡು ಬೇರೆ ಬೇರೆ ಲೋಕಗಳು ಇನ್ನೂ ಕಾಣುತ್ತವೆ. ಒಂದು ಕಡೆ ಅಧಿಕಾರಿಗಳ ದೊಡ್ಡ ಬಂಗಲೆಗಳು, ಮರಗಳು, 1885ರ ಕ್ಲಬ್. ಕ್ಲಬ್ ಸದಸ್ಯರಿಗೆ ಮಾತ್ರ, ಹೊರಗಿನಿಂದಲೇ ನೋಡಬೇಕು. ಇನ್ನೊಂದು ಕಡೆ ಕಾರ್ಮಿಕರ ಲೈನ್ ಮನೆಗಳು, ಗೋಡೆಗೆ ಗೋಡೆ ಅಂಟಿದ ಉದ್ದನೆ ಸಾಲು. ಉತ್ತರ ಆರ್ಕಾಟ್, ಸೇಲಂ, ಧರ್ಮಪುರಿ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಬಾಳಿವೆ, ಈಗಲೂ ಬಾಳುತ್ತಿವೆ. ಅವು ಪ್ರದರ್ಶನದ ಮನೆಗಳಲ್ಲ, ಅಲ್ವಾ? ಕೇಳದೆ ಒಳಗೆ ಕ್ಯಾಮೆರಾ ತಿರುಗಿಸಬೇಡಿ. ಹತ್ತಿರದ ಟೀ ಅಂಗಡಿಯಲ್ಲಿ ಕೂತು ಮಾತಿಗಿಳಿದರೆ ಹಿರಿಯರು ತಾವಾಗಿಯೇ ಗಣಿ ಕತೆ ತೆಗೆಯುತ್ತಾರೆ. ಯಾವ ಗೈಡೂ ಹೇಳದ ಸಂಗತಿಗಳು ಅಲ್ಲಿ ಸಿಗುತ್ತವೆ. ತಮಿಳು ಬರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಊಟಕ್ಕೆ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ ಕಡೆ ಹೋಗಿ.

ಸಿನಿಮಾದಲ್ಲಿ ನೋಡಿದ ದಿಬ್ಬಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸ್ಥಳೀಯರು ಸೈನೈಡ್ ದಿಬ್ಬ ಅನ್ನುತ್ತಾರೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ಸಂಜೆ ಬಿಸಿಲಿನಲ್ಲಿ ತುಂಬ ಚೆನ್ನಾಗಿ ಕಾಣುತ್ತವೆ, ನಿಜ. ದೂರದಿಂದ ನೋಡಿ. ಗಾಳಿ ಬಂದಾಗ ಆ ಪುಡಿ ಏಳುತ್ತದೆ, ಮಕ್ಕಳನ್ನು ಮೇಲೆ ಹತ್ತಿಸಬೇಡಿ. ಮಳೆ ಕೊರೆದ ಕೊರಕಲುಗಳೂ ಕುಸಿಯುತ್ತವೆ. ಅಕ್ಕಪಕ್ಕದ ಮನೆಯವರು ವರ್ಷಗಳಿಂದ ಆ ಧೂಳನ್ನೇ ಉಸಿರಾಡಿಕೊಂಡು ಬಂದಿದ್ದಾರೆ.

ವಿಜ್ಞಾನ ಓದುವ ಮಕ್ಕಳಿದ್ದರೆ ಒಂದು ಮಾತು ಮರೆಯದೆ ಹೇಳಿ. ಆಕಾಶದಿಂದ ಬರುವ ಬೇರೆ ಕಣಗಳನ್ನು ದಪ್ಪ ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣ ಮಾತ್ರ ತೂರಿ ಬರುತ್ತದೆ. ಹಾಗಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ ವಿಜ್ಞಾನಿಗಳ ಜೊತೆ ಈ ಗಣಿಯ 2 ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಅಲ್ಲಿ ಸಿಕ್ಕಿತು. ಜಗತ್ತಿನ ಮೊದಮೊದಲ ಪತ್ತೆಗಳಲ್ಲಿ ಅದೂ ಒಂದು. ನಮ್ಮ ಕೋಲಾರದ ನೆಲದಡಿ!

ಸಮಯ ಉಳಿದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರದಲ್ಲೇ ಇದೆ, 108 ಅಡಿ ಎತ್ತರದ ಲಿಂಗ. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರೇ ಗಣಿ ಊರಿನ ದಾಹ ತಣಿಸುತ್ತಿತ್ತು. ಸಂಜೆ ಹೊತ್ತು ಅದರ ಏರಿ ಮೇಲೆ ನಿಲ್ಲುವುದು ನನಗೆ ದೇವಸ್ಥಾನಕ್ಕಿಂತ ಇಷ್ಟ.

ಇನ್ನು ರೈಲಿನ ಜನಸಂದಣಿ. ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿಬರುತ್ತಾರೆ. ಬೆಳಗ್ಗೆ ಬೆಂಗಳೂರಿನ ಕಡೆ ಹೋಗುವ ರೈಲು ತುಂಬಿರುತ್ತದೆ, ಸಂಜೆ ಈ ಕಡೆ ಬರುವುದು. ನಿಮ್ಮದು ಎರಡು ಹೊತ್ತೂ ಎದುರು ದಿಕ್ಕು, ಸೀಟು ಸುಲಭವಾಗಿ ಸಿಗುತ್ತದೆ. ಹೊರಡುವ ಮೊದಲು ವೇಳೆ ಮಾತ್ರ ನೋಡಿಕೊಳ್ಳಿ. ವಾಪಸ್ ಹೋಗಲು ಸಂಜೆ ಸ್ವಲ್ಪ ಬೇಗ ಪ್ಲಾಟ್‌ಫಾರಂಗೆ ಬನ್ನಿ. ಬೆಂಗಳೂರಿನ ಗಾಡಿ ಬಂದು ನಿಂತಾಗ ಬುತ್ತಿ ಚೀಲ ಹೆಗಲಿಗೇರಿಸಿ ಇಳಿಯುವವರಲ್ಲಿ ಎಷ್ಟೋ ಮಂದಿ, ಆ ಗೋಪುರಗಳ ಕೆಳಗೆ ದುಡಿದವರ ಮಕ್ಕಳು, ಮೊಮ್ಮಕ್ಕಳು.